ಅಮ್ಮನ ಬಾವಿ ಯಾವುದು

ಭಾವನ ಫೋನ್ ಬಂದಾಗ ನಾನು ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಮಧ್ಯಾಹ್ನದ ಬಸ್ಸುಗಳನ್ನು ಕೂಗುತ್ತಿದ್ದೆ. ಅದು ನನ್ನ ಕೆಲಸ. ಊರಿಗೆ ಬಂದುಹೋಗುವವರಿಗೆಲ್ಲ ನನ್ನ ದನಿ ಗೊತ್ತು, ಮುಖ ಗೊತ್ತಿಲ್ಲ. ನನ್ನ ಅಕ್ಕ ನಳಿನಿ ಮದುವೆಯಾಗಿ ಸಮುದ್ರದಾಚೆಯ ದ್ವೀಪದೇಶಕ್ಕೆ ಹೋದವಳು. ಅಲ್ಲಿ ಗಂಡನ ಜೊತೆ ಸಣ್ಣದೊಂದು ಬೇಕರಿ ನಡೆಸುತ್ತಿದ್ದಳು. ಅವಳ ಎರಡೂ ಕಿಡ್ನಿ ಕೆಟ್ಟು ತಿಂಗಳುಗಳಾಗಿದ್ದವು. ನನ್ನದು ಅವಳಿಗೆ ಹೊಂದುತ್ತದೋ ಎಂದು ನಮ್ಮೂರ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಕಳಿಸಿದ್ದೆ. "ಹೊಂದುತ್ತಂತೆ ಕುಮುದಾ" ಅಂದ ಭಾವ. ಅಂದವನು ಖುಷಿಯಾಗಿರಲಿಲ್ಲ. "ಆದರೆ ಬೇಗ ಬರಬೇಕಂತೆ. ಇವಳು ದಿನದಿಂದ ದಿನಕ್ಕೆ ಸೋಲ್ತಿದ್ದಾಳೆ. ತಡವಾದರೆ ಆಪರೇಷನ್ ತಡಕೊಳ್ಳೋ ಶಕ್ತಿ ಇರಲ್ಲ ಅಂತಿದ್ದಾರೆ ಡಾಕ್ಟರು." ನಾನು ಫೋನ್ ಇಟ್ಟು, ಹೊರಟು ನಿಂತಿದ್ದ ಬಸ್ಸಿಗೆ ಬೇರೆ ಊರಿನ ಹೆಸರು ಕೂಗಿದೆ. ಜನ ಹತ್ತಿ ಇಳಿದು ಬೈದರು. ಅವತ್ತೇ ಪಾಸ್‌ಪೋರ್ಟ್ ಕಚೇರಿಗೆ ಹೋದೆ.

ನಮ್ಮ ಊರಿನಲ್ಲಿ ಬೀದಿಗೊಂದು ಬಾವಿ ಇದೆ. ನೀವು ಹುಟ್ಟಿದ ಬೀದಿಯ ಬಾವಿಗೆ ಬಗ್ಗಿ ನಿಮ್ಮ ಹೆಸರನ್ನು ನೀವೇ ಕೂಗಿದರೆ ಅದು "ಓ" ಅನ್ನುತ್ತದೆ. ಬೇರೆ ಬೀದಿಯಲ್ಲಿ ಹುಟ್ಟಿದವರು ಗಂಟಲು ಹರಿಯುವಂತೆ ಕೂಗಿದರೂ ಸುಮ್ಮನಿರುತ್ತದೆ. ಮನೆಮನೆಗೆ ನಲ್ಲಿ ಬಂದ ಮೇಲೂ ಯಾರೂ ಬಾವಿ ಮುಚ್ಚಲಿಲ್ಲ. ಹೆರಿಗೆ ಎಲ್ಲಿ ಆಗಬೇಕೆಂದು ಬೀಗರು ಜಗಳವಾಡುತ್ತಾರೆ, ಮೊಮ್ಮಗು ತಮ್ಮ ಬೀದಿಯ ಬಾವಿಗೇ ಸೇರಬೇಕೆಂದು ಎರಡೂ ಕಡೆಯ ಅಜ್ಜಿಯರಿಗೆ ಹಟ. ಕೆಲಸ ಸಿಕ್ಕವರು, ಕೆಲಸ ಕಳೆದುಕೊಂಡವರು, ಪರೀಕ್ಷೆಯಲ್ಲಿ ಫೇಲಾದ ಹುಡುಗಿಯರು ಹೋಗಿ ಒಮ್ಮೆ ಕೂಗಿ ಬರುತ್ತಾರೆ. ಹಾಸಿಗೆ ಹಿಡಿದ ಮುದುಕರನ್ನು ಕುರ್ಚಿಯ ಸಮೇತ ಹೊತ್ತು ತಂದು ಕೂಗಿಸುವುದೂ ಉಂಟು. ಒಂದು ಓ ಕೇಳಿಸಿಕೊಂಡರೆ ಅವರು ಆ ದಿನ ಎರಡು ತುತ್ತು ಹೆಚ್ಚು ಉಣ್ಣುತ್ತಾರೆ.

ನನಗೆ ಬಾವಿ ಇಲ್ಲ. ಅಮ್ಮ ನನ್ನನ್ನು ಹೊತ್ತಿದ್ದಾಗ ಯಾವುದೋ ಮದುವೆಗೆಂದು ಹೊರಟು, ಊರಿನ ಗಡಿಗಲ್ಲು ದಾಟಿದ ಮೇಲೆ ಬಸ್ಸಿನಲ್ಲೇ ಹೆತ್ತಳು. ನಳಿನಿ ಹುಟ್ಟಿದ್ದು ಎಣ್ಣೆಗಾಣದ ಬೀದಿಯ ನಮ್ಮ ಮನೆಯಲ್ಲೇ. ಚಿಕ್ಕಂದಿನಲ್ಲಿ ಅವಳು ಬಾವಿಗೆ ಕೂಗುವಾಗ ನಾನು ಪಕ್ಕದಲ್ಲಿ ನಿಂತು ಅವಳ ಓವನ್ನೇ ಅರ್ಧ ನನ್ನದೆಂದುಕೊಳ್ಳುತ್ತಿದ್ದೆ. ಊರು ಬಿಟ್ಟು ಹೋಗದವರಿಗೆ ಬಾವಿ ಇಲ್ಲದ್ದರಿಂದ ದೊಡ್ಡ ತೊಂದರೆಯೇನಿಲ್ಲ. ಪಾಸ್‌ಪೋರ್ಟ್ ಬೇಕೆಂದರೆ ಮಾತ್ರ ಬಾವಿ ಬೇಕು. ಸ್ವಂತದ್ದಿಲ್ಲದವರಿಗೆ ತಂದೆಯದೋ ತಾಯಿಯದೋ ಸಾಕು, ಆದರೆ ಅವರು ಬದುಕಿರಬೇಕು, ಬಂದು ಕೂಗಬೇಕು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು.

"ಹಾಗಾದರೆ ತಾಯಿಯವರನ್ನು ಕರಕೊಂಡು ಬನ್ನಿ" ಎಂದರು ಪಾಸ್‌ಪೋರ್ಟ್ ಅಧಿಕಾರಿ ಚಂದ್ರಮೌಳಿ. ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. "ಒಂದು ವಿಷಯ ಮೊದಲೇ ಹೇಳಬೇಕು. ಒಬ್ಬರಿಗೆ ಒಂದೇ ಬಾವಿ. ಇಲ್ಲಿ ಆಗಲಿಲ್ಲ, ಅಲ್ಲಿ ನೋಡೋಣ ಅನ್ನೋ ಹಾಗಿಲ್ಲ. ಅವರು ಕೂಗಿ, ಬಾವಿ ಸುಮ್ಮನಿದ್ದರೆ, ನಿಮ್ಮಿಬ್ಬರಿಗೂ ಊರಿಲ್ಲ ಅಂತ ಆಗುತ್ತೆ. ಗಡಿಗಲ್ಲಿನ ಆಚೆ ಕಳಿಸಿಬಿಡ್ತಾರೆ. ನಾನು ತಡೆಯೋಕಾಗಲ್ಲ."

"ನಮ್ಮಮ್ಮ ಎಣ್ಣೆಗಾಣದ ಬೀದಿಯಲ್ಲೇ ಹುಟ್ಟಿ ಬೆಳೆದು ಅಲ್ಲೇ ಮದುವೆಯಾದವಳು ಸಾರ್. ಇಡೀ ಬೀದಿಗೆ ಗೊತ್ತು" ಎಂದು ನಕ್ಕು ಎದ್ದು ಬಂದೆ.

ಅಮ್ಮ ಮೊರದಲ್ಲಿ ಸೊಪ್ಪು ಸೋಸುತ್ತಿದ್ದಳು. ವಿಷಯ ಹೇಳಿದೆ. ಅವಳು ತಲೆ ಎತ್ತಲಿಲ್ಲ. "ಬೇರೆ ದಾರಿ ಇಲ್ವಾ?" ಎಂದಳು.

"ದಾರಿ ಯಾಕೆ? ಮನೆ ಮುಂದೆ ಬಾವಿ ಇದೆ. ಹೋಗಿ ಸಾಕಮ್ಮಾ ಅಂತ ಕೂಗು, ಬಾ."

"ನಾನು ಕೂಗಲ್ಲ."

ತಮಾಷೆ ಎಂದುಕೊಂಡೆ. ಮರುದಿನ ಮಂಡಿ ನೋವು ಎಂದಳು. ಅದರ ಮರುದಿನ ಶಾಸ್ತ್ರ, ವಿಧವೆಯರು ಬಾವಿಗೆ ಬಗ್ಗಬಾರದು ಎಂದಳು. ಅಂಥ ಶಾಸ್ತ್ರ ನಮ್ಮೂರಲ್ಲಿ ಇಲ್ಲವೇ ಇಲ್ಲ. ಎದುರುಮನೆಯ ಜೈಬುನ್ ಗಂಡ ತೀರಿಕೊಂಡ ಮೇಲೆ ದಿನಾ ಬೆಳಿಗ್ಗೆ ಬಾವಿಗೆ ಹೋಗಿ ಕೂಗುವುದನ್ನು ನಾನೇ ನೋಡಿದ್ದೆ. ನಾನು ರೇಗಿದೆ, ಬೇಡಿಕೊಂಡೆ, ಮಾತು ಬಿಟ್ಟೆ. ಅತ್ತ ನಳಿನಿಯ ದನಿ ಫೋನಿನಲ್ಲಿ ಪ್ರತಿಸಲ ಇನ್ನಷ್ಟು ತೆಳುವಾಗುತ್ತಿತ್ತು. ಮೊದಲು ಬೇಕರಿಯ ಕತೆ ಹೇಳುತ್ತಿದ್ದವಳು ಈಗ ಹೂಂ, ಉಹೂಂ ಮಾತ್ರ ಅನ್ನುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಹೆಸರುಗಳನ್ನು ಕೂಗುತ್ತ ಕೂತಿದ್ದಾಗ ಒಂದು ದಿನ ಥಟ್ಟನೆ ನನಗೆ ಹೊಳೆಯಿತು. ಅಮ್ಮ ಆ ಬಾವಿಗೆ ಕೂಗಿದ್ದನ್ನು ನಾನು ಎಂದೂ ಕೇಳಿಯೇ ಇಲ್ಲ. ಅಪ್ಪ ಸತ್ತಾಗಲೂ ಇಲ್ಲ, ನಳಿನಿಯ ಮದುವೆಯಲ್ಲೂ ಇಲ್ಲ. ನೀರು ಸೇದಿದ್ದಾಳೆ, ಕಟ್ಟೆ ತೊಳೆದಿದ್ದಾಳೆ, ಬಾಯಿ ತೆರೆದಿಲ್ಲ.

ಮನೆಗೆ ಹೋಗಿ ನೇರವಾಗಿ ಕೇಳಿದೆ. "ಅಮ್ಮ, ನೀನು ಈ ಬೀದಿಯಲ್ಲಿ ಹುಟ್ಟಿಲ್ವಾ?"

ಅವಳು ಒಲೆಯ ಮೇಲಿದ್ದ ಪಾತ್ರೆ ಇಳಿಸಿದಳು. ಇಳಿಸಿದ್ದನ್ನು ಮತ್ತೆ ಒಲೆಗೇ ಇಟ್ಟಳು. "ನನ್ನನ್ನ ಕೇಳಬೇಡ" ಎಂದಳು. ಆಗಲೇ ಫೋನ್ ಬಂತು. ಭಾವ ನಳಿನಿಯ ಕಿವಿಯ ಹತ್ತಿರ ಹಿಡಿದಿದ್ದನೆಂದು ಕಾಣುತ್ತದೆ, ಅವಳ ಉಸಿರು ಕೇಳುತ್ತಿತ್ತು. ನಾನು ಫೋನನ್ನು ಅಮ್ಮನ ಕಡೆ ತಿರುಗಿಸಿದೆ. "ಕುಮುದಾ" ಎಂದಳು ನಳಿನಿ, ನಾನೇ ಕೇಳುತ್ತಿದ್ದೇನೆ ಎಂದುಕೊಂಡು. "ಅಮ್ಮನ್ನ ಬಲವಂತ ಮಾಡಬೇಡ ಕಣೇ. ಅವಳಿಗೆ ಏನೋ ಹೆದರಿಕೆ ಇದೆ. ಹೆದರಿದ್ದಾಗ ಅವಳು ಹೀಗೇ. ನನ್ನದು ಏನಾಗುತ್ತೋ ಆಗಲಿ." ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋದಳು. ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದಳು. "ನಡಿ, ಅವರನ್ನ ಕರಿ" ಎಂದಳು.

ಚಂದ್ರಮೌಳಿ ಇಬ್ಬರು ಕೇಳುಗರನ್ನು ಕರೆತಂದರು. ಬಾವಿಯ ಓವನ್ನು ಕೇಳಿ ಸಾಕ್ಷಿ ಹೇಳುವುದಕ್ಕೆಂದೇ ಕಚೇರಿಯಲ್ಲಿ ಇರುವವರು ಅವರು, ಒಬ್ಬ ಗಂಡಸು, ಒಬ್ಬ ಹೆಂಗಸು. ಬೀದಿಯ ಜನವೆಲ್ಲ ಸೇರಿತ್ತು. ಯಾರಿಗೂ ಅನುಮಾನವಿರಲಿಲ್ಲ, ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಕಳಿಸಿಕೊಡುವ ಹಾಗೆ ನಗುತ್ತ ನಿಂತಿದ್ದರು. ಜೈಬುನ್ ಕಟ್ಟೆಯ ಮೇಲಿದ್ದ ತನ್ನ ಕೊಡ ತೆಗೆದು ಜಾಗ ಮಾಡಿದಳು. ಕೇಳುಗರು ಆಚೆ ಈಚೆ ಬಗ್ಗಿ ಕಿವಿ ಕೊಟ್ಟರು. ಅಮ್ಮ ಎರಡೂ ಕೈ ಕಟ್ಟೆಗೆ ಊರಿ ಬಗ್ಗಿದಳು.

ಬಗ್ಗಿದವಳು ಹಾಗೇ ಇದ್ದಳು. ಜನ ಮಾತು ನಿಲ್ಲಿಸಿದರು. ಕೆಳಗೆ ನೀರಿನಲ್ಲಿ ಅವಳ ತಲೆಯ ನೆರಳು ಅಲುಗುತ್ತಿತ್ತು. "ಕೂಗಿ ಅಮ್ಮ" ಎಂದರು ಚಂದ್ರಮೌಳಿ. ಅವಳು ಉಸಿರು ಎಳೆದುಕೊಂಡದ್ದು ನನಗೆ ಹಿಂದಿನಿಂದ ಕಾಣಿಸಿತು. ಕೂಗಿಬಿಡುತ್ತಾಳೆ, ಬಾವಿ ಸುಮ್ಮನಿರುತ್ತದೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದು ನನಗೆ ಆ ಕ್ಷಣ ಖಾತ್ರಿಯಾಯಿತು. "ಅಮ್ಮ, ಬೇಡ!" ಎಂದು ಕಿರುಚಿದೆ.

ಅವಳು ನೆಟ್ಟಗೆ ನಿಂತಳು. ನನ್ನನ್ನು ನೋಡಲಿಲ್ಲ. ಅಧಿಕಾರಿಯನ್ನೇ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಇದು ನನ್ನ ಬಾವಿ ಅಲ್ಲ ಸ್ವಾಮಿ. ನಾನು ಹುಟ್ಟಿದ್ದು ಸೆರೆಮನೆಯಲ್ಲಿ."

ಯಾರೋ ನಕ್ಕರು, ತಪ್ಪು ಕೇಳಿಸಿತೆಂದು. ಆಮೇಲೆ ಯಾರೂ ನಗಲಿಲ್ಲ. ಗಂಡಸು ಕೇಳುಗ ಅಧಿಕಾರಿಯ ಮುಖ ನೋಡಿ, "ಬಾವಿ ಓ ಅನ್ನಲಿಲ್ಲ ಅಂತ ಹೇಳಿಬಿಡಲಾ ಸಾರ್?" ಎಂದ. "ಅವರು ಕೂಗಿದರಾ?" ಎಂದು ಕೇಳಿದರು ಚಂದ್ರಮೌಳಿ. "ಬಗ್ಗಿದರು ಅಷ್ಟೆ. ಕೂಗದೆ ಬಾವಿ ಯಾಕೆ ಓ ಅನ್ನುತ್ತೆ? ಪರೀಕ್ಷೆ ಇನ್ನೂ ಆಗಿಲ್ಲ." ನಂತರ ಅಮ್ಮನ ಕಡೆ ತಿರುಗಿದರು. "ಆದರೆ ಇನ್ನೊಂದು ಸಲ ಹೀಗೆ ಆಗೋಕೆ ಬಿಡಲ್ಲ. ಸೆರೆಮನೆ ಅಂತ ನೀವು ಹೇಳಿದ್ದೀರಿ, ಅಲ್ಲೇ ಕೂಗಬೇಕು. ಅಲ್ಲೂ ಆಗಲಿಲ್ಲ ಅಂದರೆ ಮತ್ತೆ ನನ್ನ ಹತ್ತಿರ ಬರಬೇಡಿ."

ಜನ ಅಮ್ಮನಿಗೆ ದಾರಿ ಬಿಟ್ಟರು. ಬೇಕಾದ್ದಕ್ಕಿಂತ ಅಗಲವಾಗಿಯೇ ಬಿಟ್ಟರು. ಜೈಬುನ್ ಕೂಡ ಕೊಡವನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು.

ಸೆರೆಮನೆಯಿಂದ ಅಪ್ಪಣೆ ಬರುವತನಕ ಕಾಯಬೇಕಾಯಿತು. ಆ ದಿನಗಳಲ್ಲಿ ಅಮ್ಮ ತುಂಡು ತುಂಡಾಗಿ ಹೇಳಿದಳು, ಸಾಲು ಸಾಲಾಗಿ ಅಲ್ಲ. ಅವಳ ತಾಯಿಯ ಹೆಸರು ಈರಮ್ಮ. ಸುಣ್ಣದ ಗೂಡಿನಲ್ಲಿ ಕಲ್ಲು ಹೊರುತ್ತಿದ್ದಳು. ಗೂಡಿನ ಮೇಸ್ತ್ರಿ ಹೆಂಗಸರನ್ನು ಸುಮ್ಮನೆ ಬಿಡುವವನಲ್ಲ. ಈರಮ್ಮ ಬಸುರಿಯೆಂದೂ ನೋಡದೆ ಒಂದು ದಿನ ಅವಳ ಮೇಲೆ ಕೈ ಹಾಕಿದ. ಅವಳು ಸಲಿಕೆಯಿಂದ ಹೊಡೆದಳು. ಒಂದೇ ಏಟು. ಅವನು ಸತ್ತ. ಅವಳು ಸೆರೆಮನೆಗೆ ಹೋದಳು, ಅವಳ ಗಂಡ ಬೇರೆ ಮದುವೆ ಮಾಡಿಕೊಂಡ. ಅಮ್ಮ ಅವಳ ಜೊತೆ ಒಳಗೇ ಬೆಳೆದಳು. ಯಾವಾಗಲೂ ಯಾರಾದರೊಬ್ಬರು ತನ್ನ ತಲೆ ಬಾಚುತ್ತಿದ್ದರು, ಜಡೆ ಹಾಕುವುದಕ್ಕೆ ಹೆಂಗಸರು ಸರದಿಗಾಗಿ ಜಗಳವಾಡುತ್ತಿದ್ದರು ಎನ್ನುವುದು ಅವಳಿಗೆ ನೆನಪಿದೆ. ಈರಮ್ಮ ಜ್ವರ ಬಂದು ಅಲ್ಲೇ ಸತ್ತ ಮೇಲೆ ಅವಳ ಅಕ್ಕ ಮಾದಮ್ಮ ಮಗುವನ್ನು ಎಣ್ಣೆಗಾಣದ ಬೀದಿಗೆ ತಂದು, ತನ್ನದೇ ಮಗಳು, ಇಷ್ಟು ದಿನ ಗಂಡನ ಊರಿನವರ ಹತ್ತಿರ ಬಿಟ್ಟಿದ್ದೆ ಎಂದಳು. ಹುಟ್ಟಿದ್ದು ಮಾತ್ರ ಇಲ್ಲೇ ಎಂದು ಆಣೆ ಮಾಡಿ ಹೇಳಿದಳಂತೆ. ಮಗುವಿಗೆ ಕಲಿಸಿದ ಮೊದಲ ಪಾಠ, ಬಾವಿಗೆ ಕೂಗಬಾರದು.

"ಅಪ್ಪನಿಗೂ ಹೇಳಲಿಲ್ವಾ?"

"ಹೇಳೋಣ ಅನ್ನೋಷ್ಟರಲ್ಲಿ ನಳಿನಿ ಹುಟ್ಟಿದಳು. ಆಮೇಲೆ ನೀನು. ಆಮೇಲೆ ಅವರೇ ಹೋದರು."

"ಸೆರೆಮನೆ ಬಾವಿ ಓ ಅನ್ನುತ್ತೆ ಅಲ್ವಾ ಅಮ್ಮ?"

"ಅದೇ ಗೊತ್ತಿಲ್ಲ. ಹೆರಿಗೆ ನೋವು ಬಂದವರನ್ನ ಆವಾಗ ದೊಡ್ಡಾಸ್ಪತ್ರೆಗೆ ಸಾಗಿಸ್ತಿದ್ದರಂತೆ. ನಮ್ಮವ್ವನ್ನ ಸಾಗಿಸಿದರೋ ಇಲ್ಲವೋ, ಮಾದಮ್ಮನಿಗೂ ಗೊತ್ತಿರಲಿಲ್ಲ." ದೊಡ್ಡಾಸ್ಪತ್ರೆಯ ಬಾವಿಯನ್ನು ಎಂದೋ ಮಣ್ಣು ತುಂಬಿ ಮುಚ್ಚಿ, ಅದರ ಮೇಲೆ ಹೊಸ ಕಟ್ಟಡ ಎಬ್ಬಿಸಿದ್ದರು. ಅಲ್ಲಿ ಹುಟ್ಟಿದವರಿಗೆ ಇನ್ನು ಯಾವ ಓವೂ ಇಲ್ಲ. ಅಮ್ಮ ಚಿಕ್ಕಂದಿನಲ್ಲಿ ಸೆರೆಮನೆಯ ಬಾವಿಗೆ ಕೂಗಿರಲಿಲ್ಲವೇ ಎಂದರೆ, ಮಕ್ಕಳು ಬೀಳುತ್ತಾರೆಂದು ಕಟ್ಟೆಯ ಹತ್ತಿರವೇ ಬಿಡುತ್ತಿರಲಿಲ್ಲವಂತೆ. ನಾನು ನಳಿನಿಗೆ ಏನೂ ಹೇಳಲಿಲ್ಲ. ಬಟ್ಟೆ ಕಟ್ಟಿ ಇಡು ಎಂದು ಅಮ್ಮ ಹೇಳಿದಾಗ, ಅದು ಅಕ್ಕನ ಊರಿಗೋ ಗಡಿಗಲ್ಲಿನ ಆಚೆಗೋ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಅಪ್ಪಣೆ ಬಂದ ದಿನ ಬಿಸಿಲು ಜೋರಾಗಿತ್ತು. ಹೆಂಗಸರ ವಿಭಾಗದ ಅಂಗಳದ ನಡುವೆ ಬಾವಿ, ಅದರ ಬಾಯಿಗೆ ಕಬ್ಬಿಣದ ಜಾಲರಿ. ಕೈದಿಗಳನ್ನು ಗೋಡೆಯ ನೆರಳಿನಲ್ಲಿ ಕೂರಿಸಿದ್ದರು. ಅಮ್ಮ ಗೇಟು ದಾಟಿ ಒಳಗೆ ಬಂದವಳು ಯಾರಿಗೂ ದಾರಿ ಕೇಳಲಿಲ್ಲ. ನೇರವಾಗಿ ಬಾವಿಯ ಹತ್ತಿರ ಹೋಗಿ, ಕಟ್ಟೆಗೆ ಒಂದು ಮಾರು ದೂರದಲ್ಲಿ ತಾನಾಗಿ ನಿಂತುಬಿಟ್ಟಳು. ಯಾರೋ ಗದರಿಸಿದ ಹಾಗೆ. ನಾನು ಕೈ ಹಿಡಿದು ಮುಂದೆ ಕರೆದುಕೊಂಡು ಹೋದೆ. ವಾರ್ಡನ್ ಜಾಲರಿ ಸರಿಸಿದಳು. ಚಂದ್ರಮೌಳಿಯ ಜೊತೆ ಬಂದಿದ್ದ ಕೇಳುಗರು ಬಗ್ಗಿದರು.

"ಸಾಕಮ್ಮ" ಎಂದಳು ಅಮ್ಮ. ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳಲಿಲ್ಲ. ಬಾವಿಯಿಂದ ಏನೂ ಬರಲಿಲ್ಲ. ಗಂಡಸು ಕೇಳುಗ ತಲೆ ಎತ್ತಿ ಅಡ್ಡಡ್ಡ ಅಲ್ಲಾಡಿಸಿದ. ಕೇಳುಗರಲ್ಲಿ ಹೆಂಗಸು ಮಾತ್ರ ಬಗ್ಗಿಯೇ ಇದ್ದು, "ಅವರು ಕೂಗಿದ್ದು ನನಗೇ ಕೇಳಿಸಲಿಲ್ಲ ಸಾರ್. ಅಲ್ಲಿ ಮೋಟಾರು ಬೇರೆ ಓಡ್ತಿದೆ" ಎಂದಳು. ಅಡುಗೆಮನೆಯ ಹಿಂದೆ ನೀರಿನ ಪಂಪು ಗುಂಯ್‌ಗುಡುತ್ತಿತ್ತು. ಚಂದ್ರಮೌಳಿ ಅದನ್ನು ನಿಲ್ಲಿಸಲು ಹೇಳಿದರು. "ಕೂಗು ಅಂದರೆ ಕೂಗೇ ಆಗಿರಬೇಕು ಅಮ್ಮ. ಬಾವಿಗೆ ಮುಟ್ಟಬೇಕು. ಇದೇ ಕೊನೆ."

ಪಂಪು ನಿಂತಿತು. ಅಂಗಳ ಎಷ್ಟು ನಿಶ್ಶಬ್ದವಾಯಿತೆಂದರೆ ಗೋಡೆಯ ಬಳಿ ಯಾರದೋ ಬಳೆ ಸರಿದದ್ದು ಕೇಳಿಸಿತು. ಅಮ್ಮ ನನ್ನ ಕೈ ಬಿಡಿಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅರ್ಧ ಮೈ ಬಾವಿಯೊಳಗೆ ಬಗ್ಗಿಸಿ, ನಾನು ಅವಳ ಬಾಯಲ್ಲಿ ಎಂದೂ ಕೇಳಿರದ ದನಿಯಲ್ಲಿ ಕೂಗಿದಳು. "ಸಾಕಮ್ಮಾ!"

ಹೆಸರು ಕೆಳಗಿಳಿದು ಹೋಯಿತು. ನೀರು ಮುಟ್ಟಿತು. ಏನೂ ಇಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಎರಡು ಬಟ್ಟೆಗಂಟು, ಗಡಿಗಲ್ಲು, ದ್ವೀಪದ ಆಸ್ಪತ್ರೆಯ ಮಂಚ, ಎಲ್ಲ ಒಟ್ಟಿಗೆ ಕಂಡವು.

"ಓ..."

ಗಂಭೀರವಾದ ದನಿಯೇನಲ್ಲ. ಅಡುಗೆಮನೆಯಲ್ಲಿ ಕೈತುಂಬ ಕೆಲಸ ಇಟ್ಟುಕೊಂಡವರು, ಬಂದೆ ಇರು ಅನ್ನುವ ಹಾಗೆ ಒಳಗಿನಿಂದ ಎಳೆದು ಹೇಳುತ್ತಾರಲ್ಲ, ಹಾಗೆ. ಕೇಳುಗರಿಬ್ಬರೂ ಒಟ್ಟಿಗೆ ತಲೆ ಎತ್ತಿದರು. ಗೋಡೆಯ ಬಳಿಯ ಹೆಂಗಸರು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು, ವಾರ್ಡನ್ ಗದರಿಸಿದರೂ ನಿಲ್ಲಿಸಲಿಲ್ಲ. ಅಮ್ಮ ಬಾವಿಗೆ ಬಗ್ಗಿಯೇ ಇದ್ದಳು. ಬೀಳುತ್ತಾಳೆಂದು ನಾನು ಸೊಂಟ ಹಿಡಿದುಕೊಂಡೆ. ಅವಳು ಮತ್ತೆ ಕೂಗಿದಳು, ಮತ್ತೆ ಓ ಅನ್ನಿಸಿಕೊಂಡಳು, ಮತ್ತೆ ಕೂಗಿದಳು. ಚಂದ್ರಮೌಳಿ ಬೇಡವೆನ್ನಲಿಲ್ಲ. ಬಿಸಿಲಿನಲ್ಲಿ ನಿಂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕಾದರು.

ಹೊರಡುವಾಗ ಗೋಡೆಯ ಬಳಿಯಿಂದ ಒಬ್ಬಳು ಎದ್ದು ಬಂದಳು. ಚೆಲುವಿ ಎಂದು ಹೆಸರು, ತುಂಬು ಬಸುರಿ. ಇನ್ನೂ ಸಣ್ಣ ವಯಸ್ಸು. "ಅಜ್ಜಿ, ಒಂದು ಮಾತು" ಎಂದಳು. "ನನ್ನನ್ನ ಹೊರಗಡೆ ಆಸ್ಪತ್ರೆಗೆ ಬರೆದುಕೊಡ್ತೀವಿ ಅಂತಿದ್ದಾರೆ. ಮಗೂಗೆ ಈ ಬಾವಿ ಅಂಟಬಾರದು, ಹೋಗು ಅಂತ ಎಲ್ಲರೂ ಹೇಳ್ತಾರೆ. ನೀವು ಹೇಳಿ. ಈ ಬಾವಿ ಇಟ್ಟುಕೊಂಡು ಬದುಕಿದ್ದು ಹೇಗಿತ್ತು?"

ಅಮ್ಮ ಏನಾದರೂ ಸಮಾಧಾನ ಹೇಳುತ್ತಾಳೆ ಎಂದುಕೊಂಡೆ. "ಕೆಟ್ಟದಾಗಿತ್ತು" ಎಂದಳು ಅಮ್ಮ. "ಬಾವಿಯಿಂದ ಅಲ್ಲ, ಮುಚ್ಚಿಟ್ಟುಕೊಂಡಿದ್ದರಿಂದ. ನೀನು ಆಸ್ಪತ್ರೆಗೆ ಹೋಗು, ಅಲ್ಲಿ ಡಾಕ್ಟರು ಇರ್ತಾರೆ, ನೀನೂ ಮಗೂನೂ ಉಳೀಬೇಕು. ಆದರೆ ಮಧ್ಯದಲ್ಲಿ ಇಲ್ಲೇ ಆಗಿಹೋಯ್ತು ಅಂದರೆ ಅಳಬೇಡ. ಯಾರಾದರೂ ಕೇಳಿದರೆ ಹೇಳು, ಈ ಬಾವಿಯವಳು ಒಬ್ಬಳು ಹೊರಗೆ ಇದ್ದಾಳೆ, ಎಣ್ಣೆಗಾಣದ ಬೀದಿಯಲ್ಲಿ, ಸಾಕಮ್ಮ ಅಂತ." ಚೆಲುವಿ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ವಾರ್ಡನ್ ಬಂದು ಬಿಡಿಸಬೇಕಾಯಿತು.

ನನ್ನ ಪಾಸ್‌ಪೋರ್ಟಿನಲ್ಲಿ ತಾಯಿ ಹುಟ್ಟಿದ ಸ್ಥಳ ಎಂಬಲ್ಲಿ ಸೆರೆಮನೆ ಎಂದೇ ಅಚ್ಚಾಗಿ ಬಂತು. ದ್ವೀಪದ ವಿಮಾನ ನಿಲ್ದಾಣದಲ್ಲಿ ಅದನ್ನು ಓದಿದ ಹುಡುಗಿ ಎರಡು ಸಲ ನನ್ನ ಮುಖ ನೋಡಿ, ಮೇಲಿನವರನ್ನು ಕರೆದಳು. ಅವರು ಒಂದು ಕೋಣೆಯಲ್ಲಿ ಕೂರಿಸಿದರು. ಹೊರಗೆ ಭಾವ ಕಾಯುತ್ತಿದ್ದ, ನಳಿನಿಗೆ ಆಪರೇಷನ್ ಮರುದಿನವೇ ಎಂದು ಗೊತ್ತುಮಾಡಿದ್ದರು. ಮತ್ತೆ ಮತ್ತೆ ಅದೇ ಪ್ರಶ್ನೆ, ತಾಯಿ ಏನು ಅಪರಾಧ ಮಾಡಿದ್ದರು? ನಾನು ಮತ್ತೆ ಮತ್ತೆ ಹೇಳಿದೆ, ಅವಳು ಹುಟ್ಟಿದಳು ಅಷ್ಟೆ. ಕೊನೆಗೆ ಬಿಟ್ಟರು.

ನಳಿನಿಯನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ. ಹಾಸಿಗೆಯಲ್ಲಿ ಅವಳಿಗಿಂತ ಹೊದಿಕೆಯೇ ಹೆಚ್ಚಿತ್ತು. ಅವಳಿಗೆ ಎಲ್ಲ ಹೇಳಿದೆ, ಸಲಿಕೆಯ ಏಟಿನಿಂದ ಹಿಡಿದು. ಹೇಳಬಾರದಿತ್ತೇನೋ, ಶಕ್ತಿ ಇರಲಿಲ್ಲ ಅವಳಿಗೆ. ಅವಳು ಕಣ್ಣು ಮುಚ್ಚಿ ಕೇಳಿದಳು. "ಅಷ್ಟು ವರ್ಷ ಆ ಬಾವಿಕಟ್ಟೆ ತೊಳೆದಳಲ್ಲೇ" ಎಂದಳು. ಸ್ವಲ್ಪ ಹೊತ್ತಿಗೆ, "ನಾನು ಎಷ್ಟು ಸಲ ಅವಳ ಎದುರಿಗೇ ಕೂಗಿದ್ದೀನಿ" ಎಂದು ಅತ್ತಳು. ನಾನು ಅವಳ ತಲೆ ಬಾಚಿ, ಇದ್ದಷ್ಟು ಕೂದಲಿಗೆ ಜಡೆ ಹಾಕಿದೆ. ಬೆಳಿಗ್ಗೆ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದರು.

ನನಗೆ ಮೊದಲು ಎಚ್ಚರವಾಯಿತು. ನಳಿನಿಯದು ಗೊತ್ತಾಗಲು ತುಂಬ ಹೊತ್ತು ಹಿಡಿಯಿತು. ನನ್ನ ಕಿಡ್ನಿ ಅವಳೊಳಗೆ ಕೆಲಸ ಶುರುಮಾಡಲು ಹಿಂಜರಿಯುತ್ತಿದೆ, ಕಾಯಬೇಕು ಎಂದರು ಡಾಕ್ಟರು. ಭಾವ ಗೋಡೆಗೆ ಹಣೆ ಇಟ್ಟು ನಿಂತಿದ್ದ. ಅಮ್ಮನಿಗೆ ಫೋನ್ ಮಾಡಲು ಇಬ್ಬರಿಗೂ ಧೈರ್ಯವಿರಲಿಲ್ಲ. ಮಾರನೆಯ ಮಧ್ಯಾಹ್ನ ನರ್ಸು ಓಡೋಡಿ ಬಂದು, ಮೂತ್ರ ಬಂತು, ಬರುತ್ತಲೇ ಇದೆ ಎಂದಾಗ ಅಂಥ ಮಾತಿಗೆ ಮನುಷ್ಯರು ಇಷ್ಟು ಖುಷಿಪಡಬಹುದೆಂದು ನನಗೆ ತಿಳಿಯಿತು. ಸಂಜೆಯ ಹೊತ್ತಿಗೆ ನನ್ನ ಮಂಚವನ್ನು ಅವಳ ಪಕ್ಕಕ್ಕೆ ತಳ್ಳಿದರು. ಅವಳ ತುಟಿಗೆ ಬಣ್ಣ ಬಂದಿತ್ತು. "ಅಮ್ಮನಿಗೆ ಹೇಳು" ಎಂದಳು.

ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಜೈಬುನ್. ಬಾವಿಕಟ್ಟೆಯಿಂದ ಹಿಂದೆ ಸರಿದ ಅವಳ ಮುಖ ನೆನಪಾಯಿತು. ಅವಳೇ ಗಾಬರಿಯಿಂದ, "ನಳಿನಿ ಹೇಗಿದ್ದಾಳೆ, ಮೊದಲು ಅದು ಹೇಳು" ಎಂದಳು. ಹೇಳಿದೆ. ಅವಳು ಜೋರಾಗಿ ಅಳತೊಡಗಿದಳು. ಅಮ್ಮ ಎಲ್ಲಿ ಎಂದು ಕೇಳಿದೆ.

"ಮನೆ ನೋಡಿಕೋ ಅಂತ ನನಗೆ ಬಿಟ್ಟು ಹೋಗಿದ್ದಾಳೆ. ಆ ಬಸುರಿ ಹುಡುಗಿಗೆ ಸೆರೆಮನೆಯಲ್ಲೇ ಹೆರಿಗೆ ಆಗೋಯ್ತಂತೆ, ಹೆಣ್ಣು ಮಗು. ಎಣ್ಣೆ, ಅರಿಶಿನ, ಹಳೇ ಸೀರೆ ಎಲ್ಲ ಕಟ್ಟಿಕೊಂಡು ಹೋದಳು. ಗೇಟಿನ ತನಕ ನಾನೇ ಗಂಟು ಹೊತ್ತುಕೊಟ್ಟೆ."

"ಯಾರೇ ಫೋನಲ್ಲಿ?" ಎಂದಳು ನಳಿನಿ, ನನ್ನ ಕಡೆ ಹೊರಳಲಾಗದೆ. "ಅಮ್ಮ ಎಲ್ಲಂತೆ?"

ಹೊಲಿಗೆ ಎಳೆಯುತ್ತಿದ್ದುದರಿಂದ ನಾನು ಮೆಲ್ಲಗೆ ಹೇಳಿದೆ. "ತವರಿಗೆ ಹೋಗಿದ್ದಾಳಂತೆ."